ಸೆರಗಿನೊಳಗೆ ಬಚ್ಚಿಟ್ಟ ಕೈ

ಹೋದ ತಿಂಗಳು ಒಂದು ಸೋಮವಾರ, ಪ್ರಾರ್ಥನೆ ಮುಗಿದ ಮೇಲೆ ಎಂದಿನಂತೆ ಮಕ್ಕಳ ಉಗುರು ನೋಡುತ್ತ ಹೊರಟಿದ್ದೆ. ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಹತ್ತಿರ ಹೋದರೆ ಆಗಷ್ಟೇ ಹಚ್ಚಿದ ನೇಲ್‌ಪಾಲಿಶ್‌ನ ವಾಸನೆ. ಮೂಗಿಗೆ ಅಡರಿ ತಲೆಯನ್ನು ತುಸು ತಿರುಗಿಸುವ ಆ ವಾಸನೆ ನಿಮಗೂ ಗೊತ್ತಿರಬೇಕು. "ಸಾಲಿಗೆ ಬಂದೀಯೋ, ಲಗ್ನಕ್ಕ ಹೊಂಟೀಯೋ?" ಎಂದು ಇಪ್ಪತ್ತು ವರ್ಷ ಇಂಥ ಹುಡುಗಿಯರನ್ನು ಗದರಿದವಳು ನಾನು. ಅಂದು ಗದರಲಿಲ್ಲ. ಮುಂದಿನವಳ ಕಡೆ ಸರಿದುಬಿಟ್ಟೆ.

ಯಾಕೆಂದು ಹೇಳಲು ನಾಚಿಕೆಯಾಗುತ್ತದೆ. ಎರಡು ವರ್ಷ ಹಿಂದಿನ ಮಾತು. ನಿಪ್ಪಾಣಿಯ ಬಳೆ ಅಂಗಡಿಯಲ್ಲಿ ಒಂದು ಸಣ್ಣ ಬಾಟಲಿ ಕಣ್ಣಿಗೆ ಬಿತ್ತು. ಬೀಟ್‌ರೂಟ್ ಕುದಿಸಿದ ನೀರಿನಂಥ ಕಡುಗೆಂಪು, ಅದರೊಳಗೆ ಚಮಕಿ ಪುಡಿ. "ಮಗಳಿಗೆ ಬೇಕಾಗೇತ್ರಿ" ಎಂದು ಅಂಗಡಿಯವನಿಗೆ ಸುಳ್ಳು ಹೇಳಿ ತಂದೆ. ನನಗಿರುವವರು ಇಬ್ಬರು ಗಂಡುಮಕ್ಕಳು. ನಲವತ್ತಾರರ ವಯಸ್ಸಿಗೆ ಬೇಕಿತ್ತೇ ಎಂದು ಕೇಳಬೇಡಿ; ನಾನೇ ಸಾಕಷ್ಟು ಸಲ ಕೇಳಿಕೊಂಡಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದ ಒಂದು ರವಿವಾರ ಬಾಗಿಲಿಗೆ ಚಿಲಕ ಹಾಕಿ, ಕಿಟಕಿಯ ಬಳಿ ಕೂತು ಹಚ್ಚಿಕೊಂಡೆ. ಎಡಗೈ ಚೆನ್ನಾಗಿಯೇ ಬಂತು. ಬಲಗೈಗೆ ಬರುವಷ್ಟರಲ್ಲಿ ಬಣ್ಣ ಉಗುರಿಗಿಂತ ಬೆರಳಿಗೇ ಹೆಚ್ಚಾಗಿ, ಉಪ್ಪಿನಕಾಯಿ ಕಲಸಿದವಳಂತೆ ಕಾಣುತ್ತಿದ್ದೆ. ಆದರೂ ಕೈಯನ್ನು ಬಿಸಿಲಿಗೆ ಹಿಡಿದು ನೋಡಿ ಖುಷಿಪಟ್ಟೆ. ಸಂಜೆಯೊಳಗೆ ತೆಗೆದುಬಿಟ್ಟರಾಯಿತು ಎಂದುಕೊಂಡೆ. ತೆಗೆಯುವ ದ್ರಾವಣ ಬೇರೆ ತರಬೇಕೆಂಬುದು ಆಗ ಹೊಳೆದಿರಲಿಲ್ಲ.

ಅಷ್ಟರಲ್ಲಿ ನಮ್ಮ ಹೆಡ್‌ಮಾಸ್ತರರ ಫೋನು. "ಸುನಂದಾ ಟೀಚರ ಮನಿಯವ್ರು ತೀರ್ಕೊಂಡ್ರಂತ್ರಿ. ಹಾರ್ಟ್ ಅಟ್ಯಾಕ್. ಗಾಡಿ ತಗೊಂಡ ಹತ್ತ ನಿಮಿಷದಾಗ ಬರ್ತೀವಿ, ತಯಾರಾಗ್ರಿ."

ಸುನಂದಾ ಆಗಲೇ ಹನ್ನೆರಡು ವರ್ಷದಿಂದ ನನ್ನ ಜೊತೆ ಅದೇ ಸಾಲೆಯಲ್ಲಿ ಕಲಿಸುತ್ತಿದ್ದವಳು. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದೆವು. "ನಿನ್ನ ಪಲ್ಯಾದಾಗ ಖಾರನ ಇಲ್ಲ ಬೇ, ದವಾಖಾನಿ ಊಟ ಆಗೇತಿ" ಎಂದು ನನ್ನ ಡಬ್ಬಿಗೆ ತನ್ನ ಶೇಂಗಾ ಚಟ್ನಿ ಸುರಿಯುತ್ತಿದ್ದಳು. ಅವಳದು ಭೋಜ ಊರಿನ ದಲಿತ ಓಣಿಯ ಬೌದ್ಧರ ಮನೆ. ನಮ್ಮದು ಕಬ್ಬಿನ ಹೊಲವುಳ್ಳವರ ಮನೆ. ಅವಳ ಅಜ್ಜನ ಕಾಲದಲ್ಲಿ ಆ ಓಣಿಯವರು ನಮ್ಮಂಥವರ ಬಾವಿ ಮುಟ್ಟುವಂತಿರಲಿಲ್ಲ. ನಾವಿಬ್ಬರೂ ಅದನ್ನೆಲ್ಲ ದಾಟಿಬಂದಿದ್ದೇವೆ ಎಂದು ನಾನು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಹತ್ತು ನಿಮಿಷದಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ, ಬ್ಲೇಡಿನಿಂದ ಕೆರೆದೆ. ಬಣ್ಣ ಅಲ್ಲಲ್ಲಿ ಎದ್ದಿತು, ಚಮಕಿ ಹಾಗೇ ಉಳಿಯಿತು. ಗಾಡಿ ಬಂದೇಬಿಟ್ಟಿತು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹತ್ತಿದೆ.

ಸುನಂದಾ ಗೋಡೆಗೊರಗಿ ಕೂತಿದ್ದಳು, ತಲೆಯ ಮೇಲೆ ಬುದ್ಧನ ಫೋಟೊ. ನನ್ನನ್ನು ಕಂಡದ್ದೇ ಎರಡೂ ಕೈ ಚಾಚಿದಳು. ನಾನು ಎರಡು ಹೆಜ್ಜೆ ದೂರದಲ್ಲೇ ನಿಂತೆ. ಹೆಣದ ಮುಂದೆ ಮಿಣಮಿಣ ಹೊಳೆಯುವ ಉಗುರು ಹೇಗೆ ತೋರಿಸಲಿ? "ಸಮಾಧಾನ ಮಾಡ್ಕೊ" ಎಂದೆ. ಅವಳ ಕೈಗಳು ಗಾಳಿಯಲ್ಲಿ ಒಂದು ಗಳಿಗೆ ನಿಂತು, ಮಡಿಲಿಗೆ ಮರಳಿದವು.

ಅವಳ ಅತ್ತೆ ತಂಬಿಗೆ, ಲೋಟ ಹಿಡಿದು ಎಲ್ಲರಿಗೂ ನೀರು ಕೊಡುತ್ತ ಬಂದರು. ಮಗ ಸತ್ತ ಮುದುಕಿ, ಬಂದವರ ಬಾಯಾರಿಕೆ ಮರೆತಿರಲಿಲ್ಲ. "ಬಿಸಲಾಗ ಬಂದೀರಿ, ಒಂದ ಘೋಟರ ನೀರ ತಗೋರಿ ಟೀಚರ."

"ಬ್ಯಾಡ್ರಿ ಆಯಿ," ಎಂದು ಸೆರಗನ್ನು ಇನ್ನಷ್ಟು ಬಿಗಿ ಹಿಡಿದೆ.

ಮುದುಕಿ ನನ್ನ ಮುಖ ನೋಡಿದರು. ಆಮೇಲೆ ಮುಚ್ಚಿದ ನನ್ನ ಕೈ ನೋಡಿದರು. "ಇರಲಿ" ಎಂದು ಲೋಟ ಹಿಂದಕ್ಕೆ ತೆಗೆದುಕೊಂಡರು. ಆ ಒಂದು ಶಬ್ದದಲ್ಲಿ ಅವರ ಇಡೀ ಆಯುಷ್ಯ ಇತ್ತು ಎಂಬುದು ಗಾಡಿ ಊರು ದಾಟಿದ ಮೇಲೆ ನನಗೆ ತಿಳಿಯಿತು.

ತಿಂಗಳಾದ ಮೇಲೆ ಸುನಂದಾ ಸಾಲೆಗೆ ಬಂದಳು. ಡಬ್ಬಿ ತೆಗೆದುಕೊಂಡು ಎರಡನೇ ಇಯತ್ತೆಯ ಖೋಲಿಗೆ ಹೋಗಿ ಕೂತಳು. "ಇಲ್ಲೇ ಬಾರ ಬೇ" ಎಂದರೆ, "ನೀವು ಊಟಾ ಮಾಡ್ರಿ ಟೀಚರ್" ಎಂದಳು. ನಿಜ ಹೇಳಿಬಿಡಬಹುದಿತ್ತು. ಆದರೆ ಉಗುರಿಗೆ ಬಣ್ಣ ಹಚ್ಚಿದ್ದಕ್ಕೆ ನಿನ್ನ ಕೈ ಹಿಡಿಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಸುಳ್ಳನ್ನಾದರೂ ಇದಕ್ಕಿಂತ ಚಂದ ಹೆಣೆಯಬಹುದಿತ್ತು. ನಾಳೆ ಹೇಳೋಣ ಎನ್ನುತ್ತ ಎರಡು ವರ್ಷ ಕಳೆದೆ.

ಹೋದ ತಿಂಗಳ ಆ ಸೋಮವಾರ ಸಂಜೆ ಭೋಜಕ್ಕೆ ಹೋದೆ. ಸುನಂದಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅಂಗಡಿ, ಸುಳ್ಳು, ಬ್ಲೇಡು, ಒಂದೂ ಬಿಡಲಿಲ್ಲ. ಅವಳು ನಗಲಿಲ್ಲ, ಅಳಲಿಲ್ಲ. ಒದ್ದೆ ಸೀರೆಯನ್ನು ತಂತಿಯ ಮೇಲೆ ಸರಿಪಡಿಸುತ್ತ ಕೇಳಿದಳು: "ಖರೇ ಇರಬೇಕು. ನೀವು ಸುಳ್ಳ ಹೇಳಾಕ ಇಷ್ಟ ದೂರ ಬರೂದಿಲ್ಲ. ಆದ್ರ ಒಂದ ಮಾತ ಹೇಳ್ರಿ. ನಿಮ್ಮ ಕಾಕಾನ ಮನ್ಯಾಗ ಹಿಂಗ ಆಗಿದ್ರ, ಕೈ ಮುಚ್ಚಗೊಂಡ ದೂರ ನಿಂದರ್ತಿದ್ರೇನು?"

ಇಲ್ಲ. ಅಲ್ಲಿ ಕಾಕೂನ ತಬ್ಬಿಕೊಂಡು ಅತ್ತು, ಆಮೇಲೆ ಉಗುರಿನ ಸಲುವಾಗಿ ಬೈಸಿಕೊಳ್ಳುತ್ತಿದ್ದೆ. ಅಷ್ಟು ನನಗೆ ಗೊತ್ತಿತ್ತು.

"ನಮ್ಮ ಅತ್ತಿ ಸಾಯೂತನಕ ಅದನ್ನ ನೆನಸ್ತಿದ್ರು," ಎಂದಳು ಸುನಂದಾ. ಮುದುಕಿ ಹೋದ ವರ್ಷವೇ ತೀರಿಕೊಂಡಿದ್ದರು. ಅವರಿಗೆ ಹೇಳುವ ದಾರಿ ನನಗಿನ್ನು ಉಳಿದಿಲ್ಲ.

ಅವಳು ಚಹಾ ಇಡಲು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಸಣ್ಣ ಅಡುಗೆಮನೆ, ಕಿಟಕಿಯಲ್ಲಿ ಡಬ್ಬಿಯೊಳಗೆ ನೆಟ್ಟ ಪುದೀನ, ಗೋಡೆಗೆ ಸಾಲಾಗಿ ತೂಗುಹಾಕಿದ ತಾಟುಗಳು. ಹದಿನಾಲ್ಕು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ನಮ್ಮ ಗೆಳೆತನವೆಲ್ಲ ಸಾಲೆಯ ಬೆಂಚಿನ ಮೇಲೆಯೇ ನಡೆದಿತ್ತು. ಅವಳೂ ನಮ್ಮ ಮನೆಯ ಪಡಸಾಲೆ ದಾಟಿ ಬಂದವಳಲ್ಲ, ಬಾ ಎಂದು ನಾನು ಕರೆದವಳೂ ಅಲ್ಲ.

ಈಗ ಮಧ್ಯಾಹ್ನ ನನ್ನ ಡಬ್ಬಿ ತೆಗೆದುಕೊಂಡು ನಾನೇ ಎರಡನೇ ಇಯತ್ತೆಯ ಖೋಲಿಗೆ ಹೋಗುತ್ತೇನೆ. ಕೆಲವು ದಿನ ಅವಳು ಮಾತಾಡುತ್ತಾಳೆ. ಕೆಲವು ದಿನ ಮಕ್ಕಳ ವಹಿ ತಿದ್ದುತ್ತ ಕೂತಿರುತ್ತಾಳೆ. ಎದ್ದು ಹೋಗು ಎಂದು ಇನ್ನೂ ಅಂದಿಲ್ಲ.