ಗೇಟಿನಾಚೆಯ ಕೆಂಪು ಬಾವುಟ

ನಮ್ಮ ಶಾಲೆಯ ಗೇಟು ದಾಟಿದರೆ ಡಾಂಬರು ರಸ್ತೆ. ಮಸೂತಿ ಊರಿನ ಕಡೆಯ ಬಸ್ಸುಗಳು ಹಾದುಹೋಗುವ ರಸ್ತೆ. ಸಂಜೆ ಶಾಲೆ ಬಿಟ್ಟಾಗ ಸಣ್ಣ ಮಕ್ಕಳನ್ನು ಆಚೆ ದಾಟಿಸಲು ದೊಡ್ಡ ತರಗತಿಯವರಿಗೆ ಪಾಳಿ ಹಚ್ಚಬೇಕು, ಕೈಗೆ ಸೀಟಿ, ಕೆಂಪು ಬಾವುಟ ಕೊಡಬೇಕು ಎಂದು ಠರಾವಾಯಿತು. ಉಸ್ತುವಾರಿ ಯಾರಿಗೆ? ಕನ್ನಡ ಕಲಿಸುವ ಅಕ್ಕೋರಾದ ನನಗೆ. ಬಾಯಿ ಜೋರಿದ್ದವರಿಗೇ ಇಂಥ ಕೆಲಸಗಳು ಬರುತ್ತವೆ.

ಮೊದಲ ದಿನದಿಂದಲೇ ನನ್ನ ತಲೆ ಗೊಂದಲದ ಗೂಡು. ಮಗುವಿಗೆ ಏನಾದರೂ ಆದರೆ ಜವಾಬ್ದಾರಿ ಯಾರದು ಎಂದು ಕೇಳಿದೆ. ಗೇಟಿನ ಆಚೆ ಶಾಲೆಯದಲ್ಲ ಎಂದರು ಶಾಲಾ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷರು. ಹಾಗಾದರೆ ಬಾವುಟ ಯಾರದು ಎಂದೆ. ಬಾವುಟ ಶಾಲೆಯದು ಎಂದರು! ಹೆಡ್ ಮಾಸ್ತರರೋ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವವರು. ಪಾಳಿಯ ಮಕ್ಕಳು ರಸ್ತೆಯಂಚಿನ ಬಿಳಿ ಗೆರೆ ದಾಟಕೂಡದು, ದಾಟಿದರೆ ನಾವೆಲ್ಲ ಸಿಕ್ಕಿಬೀಳುತ್ತೇವೆ ಎಂದು ಒಂದು ನಿಯಮ ಮಾಡಿಕೊಟ್ಟರು. ಅದನ್ನೇ ನಾನು ಮಕ್ಕಳಿಗೆ ಗಿಣಿಪಾಠ ಮಾಡಿಸಿದೆ.

ಮುಳವಾಡದ ನೀರಾವರಿ ಬಂದಾಗಿನಿಂದ ನಮ್ಮ ಸುತ್ತ ಕಬ್ಬೇ ಕಬ್ಬು. ಕಡಿಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಬರುತ್ತವೆ. ಬಾವುಟ ತೋರಿಸಿದರೆ ನಿಲ್ಲುತ್ತಿದ್ದವು, ಸುಳ್ಳು ಹೇಳಬಾರದು. ಆದರೆ ನಿಂತದ್ದೇ ತಡ, ದಾಟಬೇಕಾದ ಹುಡುಗರು ದಾಟುವುದು ಬಿಟ್ಟು ಟ್ರಾಲಿಗೆ ಜೋತುಬಿದ್ದು ಕಬ್ಬು ಹಿರಿಯತೊಡಗಿದರು. ಓಡುವ ಗಾಡಿಗೆ ಕೈಹಾಕಲು ಅಂಜುತ್ತಿದ್ದವರಿಗೆ ಈಗ ನಾವೇ ನಿಲ್ಲಿಸಿಕೊಡುತ್ತಿದ್ದೆವು. ಮಕ್ಕಳನ್ನು ಕಾಯುತ್ತಿದ್ದೇವೋ, ಕೈಯಾರೆ ಗಾಲಿಯ ಬುಡಕ್ಕೆ ಕಳಿಸುತ್ತಿದ್ದೇವೋ ನನಗೆ ತಿಳಿಯದಾಯಿತು.

ಒಂದು ಸಂಜೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪಾಳಿ. ಕುರಿ ಕಾಯುವವರ ಮನೆಯ ಮಗಳು, ಮಾತು ಕಡಿಮೆ. ಟ್ರ್ಯಾಕ್ಟರ್ ನಿಂತಿತು. ಮಕ್ಕಳನ್ನು ಆಚೆ ದಾಟಿಸಿ ತಿರುಗಿದ ನಾನು ಬಾವುಟ ಇಳಿಸು ಎಂದು ಕೈಸನ್ನೆ ಮಾಡಿದೆ. ಇಳಿಸಲಿಲ್ಲ. ಡ್ರೈವರ್ ಹಾರ್ನ್ ಒತ್ತಿದ, ಬೈದ, ಎಂಜಿನ್ ಗುರ್ರೆನ್ನಿಸಿದ. ಇವಳು ಬಿಳಿ ಗೆರೆ ದಾಟಿ ನೇರ ಅದರ ಮುಂದೆ ಹೋಗಿ ನಿಂತುಬಿಟ್ಟಳು. ನನ್ನ ಪಿತ್ತ ನೆತ್ತಿಗೇರಿತು. ಓಡಿಬಂದು ಅವಳ ರಟ್ಟೆ ಹಿಡಿದು ಎಳೆದೆ.

"ಸಾಯಾಕ ಬಂದೀಯೇನ ಇಲ್ಲಿ?"

ಅವಳು ಕದಲಲಿಲ್ಲ. ಬಾವುಟದ ಕೋಲಿನಿಂದ ಹಿಂದೆ ತೋರಿಸಿದಳು. ಎರಡು ಟ್ರಾಲಿಗಳ ನಡುವಿನ ಕೊಂಡಿಯ ಮೇಲೆ ಎರಡನೆಯ ತರಗತಿಯ ಪೋರನೊಬ್ಬ ನಿಂತು, ಎರಡೂ ಕೈಯಿಂದ ಕಬ್ಬು ಹಿರಿಯುತ್ತಿದ್ದ. ನಾನು ಅತ್ತ ಓಡಿದೆ. ಅವನನ್ನು ಕೆಳಗಿಳಿಸಿದಾಗ ಡ್ರೈವರ್ ಕೂಡ ಇಳಿದು ಬಂದು, ಹಾಡು ಬಂದ್ ಮಾಡುವುದನ್ನೂ ಮರೆತು ರಸ್ತೆಯ ಪಕ್ಕ ತಲೆ ಹಿಡಿದು ಕೂತ.

ಮರುದಿನ ಹೆಡ್ ಮಾಸ್ತರರ ಕೋಣೆಯಲ್ಲಿ ಪಂಚಾಯಿತಿ. ಹುಡುಗಿ ಗೆರೆ ದಾಟಿದ್ದು ನಿಯಮಕ್ಕೆ ವಿರುದ್ಧ, ಅವಳನ್ನು ಪಾಳಿಯಿಂದ ತೆಗೆಯಿರಿ ಎಂದರು ಅವರು. ಪಾಳಿಯನ್ನೇ ನಿಲ್ಲಿಸಿ ಎಂದರು ಅಧ್ಯಕ್ಷರು. ನಿಲ್ಲಿಸಿದರೆ ಸಣ್ಣವರು ಹೇಗೆ ದಾಟಬೇಕು ಎಂದು ನಾನು. ಇವಳಿಗೆ ಶಾಲು ಹೊದಿಸಬೇಕೋ, ಶಿಕ್ಷೆ ಕೊಡಬೇಕೋ? ಶಾಲು ಹೊದಿಸಿದರೆ, ಅದನ್ನು ನೋಡಿ ನಾಳೆ ಇನ್ನೊಂದು ಮಗು ಗಾಡಿಯ ಮುಂದೆ ಜಿಗಿದರೆ? ಎಲ್ಲರ ಮಾತೂ ನನಗೆ ಸರಿ ಅನಿಸುತ್ತಿತ್ತು, ಅದೇ ನನ್ನ ಹಣೆಬರಹ. ಕೊನೆಗೆ ನೀವೇ ಅವಳಿಗೆ ತಿಳಿಸಿ ಹೇಳಿ ಎಂದು ನನ್ನ ಕೊರಳಿಗೆ ಕಟ್ಟಿದರು.

ಹೊರಗೆ ಬಂದರೆ ಅವಳು ಸೀಟಿ, ಬಾವುಟ ಹಿಡಿದು ಗೋಡೆಗೆ ಆತು ನಿಂತಿದ್ದಳು.

"ಅಕ್ಕೋರ, ಮತ್ತ ಹಂಗಾದ್ರ ನಾ ಗೆರಿ ಮ್ಯಾಲ ನಿಂದ್ರಬೇಕೋ, ಗಾಡಿ ಮುಂದ ನಿಂದ್ರಬೇಕೋ ಹೇಳ್ರಿ."

ಗೆರೆಯ ಮೇಲೆ ಎನ್ನಲು ಹೋದರೆ ಕೊಂಡಿಯ ಮೇಲಿನ ಆ ಪೋರ ಕಣ್ಣಿಗೆ ಕಟ್ಟಿದ. ಗಾಡಿಯ ಮುಂದೆ ಎನ್ನೋಣವೆಂದರೆ ಇವಳೇ ಎದುರಿಗಿದ್ದಾಳೆ, ಇನ್ನೂ ನನ್ನ ಭುಜದೆತ್ತರಕ್ಕೂ ಬಂದಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ.

"ನೀ ಏನೂ ಅಂಜಬ್ಯಾಡ. ನಾ ಅಲ್ಲೇ ಇರ್ತೇನಿ."

ಅವಳು ಬಾವುಟವನ್ನು ಕೋಲಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು.

"ನಿನ್ನಿನೂ ನೀವು ಅಲ್ಲೇ ಇದ್ರಲ್ರಿ, ಅಕ್ಕೋರ."