ಅಪ್ಪನ ಹಿಗ್ಗಿಗೆ ಮಾತಿಲ್ಲ

ನಾನು ಮುಧೋಳದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸಮಾನಾರ್ಥಕ ಪದಗಳ ಪಾಠ ಬಂತೆಂದರೆ ಸಂತೋಷ, ಹರ್ಷ, ಆನಂದ, ಉಲ್ಲಾಸ, ಸಂಭ್ರಮ ಎಂದು ಬೋರ್ಡು ತುಂಬ ಬರೆದು, ಹಿಗ್ಗು, ಹುರುಪು ನಮ್ಮ ಮನೆಮಾತು, ಅವನ್ನು ಮರೆಯಬೇಡಿ ಎಂದು ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಸಂಜೆ ಬಸ್ಸು ಹತ್ತಿ ಹೊಳೆದಂಡೆಯ ನಮ್ಮೂರಿಗೆ ಬಂದರೆ ಅಲ್ಲಿ ನಮ್ಮಪ್ಪ ಇರುತ್ತಾನೆ. ಈ ಎಲ್ಲ ಪದಗಳಿಗೂ ಸೇರಿ ಅವನ ಹತ್ತಿರ ಇರುವುದು ಒಂದೇ ಮಾತು: ‘ಆತು.’

ನನಗೆ ನೌಕರಿಯ ಆರ್ಡರ್ ಬಂದ ದಿನ ಓಡೋಡಿ ಹೊಲಕ್ಕೆ ಹೋಗಿ ಹೇಳಿದ್ದೆ. ಕಬ್ಬಿಗೆ ನೀರು ತಿರುವುತ್ತಿದ್ದವನು ತಲೆ ಎತ್ತದೆ, ‘ಆತು. ಬಸ್ಸಿನ ಟೈಮ್ ಕೇಳ್ಕೊ’ ಎಂದ. ತಮ್ಮನಿಗೆ ಗಂಡುಮಗು ಹುಟ್ಟಿ, ನರ್ಸು ಕೂಸನ್ನು ತಂದು ಅಪ್ಪನ ಕೈಗಿಟ್ಟಾಗ ಅವನ ಬಾಯಿಂದ ಬಂದದ್ದು, ‘ಆ ಫ್ಯಾನ್ ಬಂದ್ ಮಾಡ್ರಿ.’ ಅವ್ವ ಇದಕ್ಕೆ ಪೂರಾ ಉಲ್ಟಾ. ಸಂತ್ಯಾಗ ಎಳೇ ಬದನೇಕಾಯಿ ಸಿಕ್ಕರೂ ಸಾಕು, ‘ಜೀವ ಥಣ್ಣಗಾತ ನೋಡ’ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ. ಇಬ್ಬರ ನಡುವೆ ಬೆಳೆದ ನನಗೆ ಅಪ್ಪನ ಮೇಲೆ ಸಿಟ್ಟು ಬಾರದೆ ಇನ್ನೇನಾದೀತು?

ಒಂದು ಮಳೆಗಾಲ ಘಟಪ್ರಭಾ ಹೊಳೆ ದಂಡೆ ಮೀರಿ ಊರೊಳಗೆ ಬಂತು. ಎತ್ತರದಲ್ಲಿರುವ ಶಾಲೆಗೆ ಹೋಗಿರಿ ಎಂದು ಊರಿಗೆಲ್ಲ ಸಾರಿದರು. ನಾವು ಗಂಟುಮೂಟೆ ಕಟ್ಟಿ ಎತ್ತುಗಳನ್ನು ಹೊಡೆದುಕೊಂಡು ಹೊರಟೆವು. ಗಬ್ಬದ ಎಮ್ಮೆ ಮಾತ್ರ ಹಳ್ಳದ ಹತ್ತಿರ ಬೆದರಿ ಅಪ್ಪನ ಕೈಯಲ್ಲಿದ್ದ ಹಗ್ಗ ಕಿತ್ತುಕೊಂಡು ನೀರಿಗೆ ಬಿತ್ತು. ಅಪ್ಪ ಎದೆಮಟ್ಟದ ನೀರಿನತನಕ ಅದರ ಹಿಂದೆ ಹೋದ. ತಮ್ಮ ಹಿಂದಿನಿಂದ ಅಪ್ಪಿ ಹಿಡಿದು ಎಳೆದು ತಂದ. ನೀರು ಇಳಿದ ಮೇಲೆ ಅಪ್ಪ ದಂಡೆಗುಂಟ ಊರೂರು ಅಲೆದು ಎಮ್ಮೆಯನ್ನು ವಿಚಾರಿಸಿದ. ಎಲ್ಲೂ ಸುದ್ದಿ ಇಲ್ಲ. ಕೊನೆಗೆ ಒಂದು ದಿನ ಖಾಲಿ ಗೂಟ ಕಿತ್ತು ಮೂಲೆಗೆಸೆದ.

ಮುಂದೆ ಕೆಲವು ವಾರ ಕಳೆದ ಮೇಲೆ ನನ್ನ ಫೋನಿಗೆ ಒಂದು ಫೋಟೋ ಬಂತು. ಬೀಳಗಿ ಕಡೆಯ ಹಳ್ಳಿಯೊಂದರಲ್ಲಿ ಹೊಳೆಯಲ್ಲಿ ತೇಲಿಬಂದ ಎಮ್ಮೆ ಸಿಕ್ಕಿದೆ, ಯಾರದ್ದಿದ್ದರೂ ಬಂದು ಒಯ್ಯಿರಿ ಎಂದು, ಫೋನಿನಲ್ಲೇ ಸುದ್ದಿ ಚಾನೆಲ್ ನಡೆಸುವ ಅಲ್ಲಿನ ವರದಿಗಾರನೊಬ್ಬ ಹಾಕಿದ್ದ. ಎಡಗೋಡು ಕಿವಿಯ ಕಡೆ ಬಾಗಿತ್ತು. ನಮ್ಮದೇ! ಪಕ್ಕದಲ್ಲಿ ಒಂದು ಕರುವೂ ನಿಂತಿತ್ತು. ನಾನು ಕಿರುಚಿದೆ, ಅವ್ವ ಅತ್ತಳು. ಅಪ್ಪ ಫೋನನ್ನು ದೂರ ಹಿಡಿದು ನೋಡಿ, ‘ಟೆಂಪೋಕ್ಕ ಹೇಳ’ ಎಂದ.

ಅವ್ವ ಮನೆಯಲ್ಲಿ ಉಳಿದಳು. ಅಪ್ಪ, ನಾನು ಹೋದೆವು. ಎಮ್ಮೆಯನ್ನು ಸಾಕಿಕೊಂಡಿದ್ದವಳು ಒಬ್ಬ ನಡುವಯಸ್ಸಿನ ಹೆಣ್ಣುಮಗಳು. ಅದು ಕರು ಹಾಕುವಾಗ ತಾನೊಬ್ಬಳೇ ಕೂತು ಬಾಣಂತನ ಮಾಡಿದ್ದಳಂತೆ. ನಾವು ಅಂಗಳಕ್ಕೆ ಕಾಲಿಡುತ್ತಲೇ ಎಮ್ಮೆ ಅಪ್ಪನನ್ನು ಕಂಡು ಹಗ್ಗ ಜಗ್ಗಿ ಒದರಿತು. ನನ್ನ ಕಣ್ಣು ತುಂಬಿ ಬಂತು. ಅಪ್ಪ ಕುಕ್ಕರಗಾಲಲ್ಲಿ ಕೂತು ಅದರ ಗೊರಸು ನೋಡುತ್ತ, ‘ಮೇವ ಯಾವದ ಹಾಕ್ತೀರಿ ಅಕ್ಕಾರ?’ ಎಂದು ಕೇಳಿದ.

ವರದಿಗಾರ ಫೋನು ಹಿಡಿದು ಮುಂದೆ ಬಂದ. ‘ಯಜಮಾನ್ರ, ಹೊಳಿಯಾಗ ಹ್ವಾದ ಎಮ್ಮಿ ಕರದ ಜೋಡಿ ಸಿಕ್ಕೈತಿ. ನಿಮ್ಗ ಎಷ್ಟ ಖುಷಿ ಆಗೇತಿ, ನಾಕ ಮಾತ ಹೇಳ್ರಿ.’

‘ಸಿಕ್ಕತಲ್ರಿ. ಆತು.’

‘ಹಂಗಲ್ರಿ, ಮಂದಿ ನೋಡ್ತಾರ. ಇನ್ನೊಂದ ಚೂರ ಹೇಳ್ರಿ.’

‘ಏನ ಹೇಳೂದ ಐತ್ರಿ? ಕರ ಛಲೋ ಹಾಲ ಕುಡ್ಯಾಕತ್ತೈತಿ.’

ನಾನು ಅಪ್ಪನನ್ನು ಬದಿಗೆ ಕರೆದೆ. ‘ಅಪ್ಪಾ, ಭಾಳ ಆನಂದ ಆತು, ಎದಿ ತುಂಬಿ ಬಂತು, ಹೋದ ಜೀವ ಬಂದಂಗಾತು ಅನ್ನು. ಇಷ್ಟ ಸಾಕು’ ಎಂದು ಸಾಲಿಯ ಹುಡುಗರಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ. ಅವನು ತಲೆಯಾಡಿಸಿ ಹೋಗಿ ಫೋನಿನ ಮುಂದೆ ನೆಟ್ಟಗೆ ನಿಂತ. ‘ನಮಗ ಭಾಳ...’ ಎಂದವನು ತಡವರಿಸಿ, ನನ್ನತ್ತ ನೋಡಿ, ಕೊನೆಗೆ, ‘ನಮ್ಮ ಹುಡುಗಿ ಏನ ಹೇಳ್ಯಾಳಲ್ರಿ, ಅದ ಆಗೇತ್ರಿ ನಮಗ’ ಎಂದುಬಿಟ್ಟ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ‘ನೀ ಮನಷ್ಯಾನೋ ಕಲ್ಲೋ, ಅಪ್ಪಾ? ಇದರ ಸಲವಾಗಿ ನೀರಾಗ ಇಳದಿ, ಊರೂರ ಅಡ್ಡ್ಯಾಡಿದಿ! ಈಗ ಒಂದ ಸಲ ಬಾಯಿ ತಗದ ಹಿಗ್ಗಾಕ ಏನ ಧಾಡಿ ನಿನಗ?’

ವರದಿಗಾರನ ಫೋನು ಚಾಲೂ ಇತ್ತು. ಊರೂರಿಗೆ ಹಬ್ಬಿದ್ದು ಅದೇ ವಿಡಿಯೋ: ಎಮ್ಮೆ ಅರ್ಧ, ನಾನು ಪೂರ್ತಿ. ಸ್ಟಾಫ್ ರೂಮಿನಲ್ಲಿ ನನ್ನ ಜೊತೆಯವರು ಅದನ್ನು ಮತ್ತೆ ಮತ್ತೆ ಹಾಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಬತ್ತನೇ ಕ್ಲಾಸಿನ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ‘ಏನ ಧಾಡಿ’ ಎಂದು ಪಿಸುಗುಟ್ಟಿ ಓಡುತ್ತಿದ್ದರು.

ಆ ಚಾನೆಲ್‌ನವನು ವಿಡಿಯೋ ತೆಗೆಯಬೇಕಾಗಿದ್ದದ್ದೇ ಬೇರೆ. ಆ ದಿನ ಅವನು ಫೋನು ಕಿಸೆಗೆ ಹಾಕಿ ಗಾಡಿ ಹತ್ತಿ ಹೋದ ಮೇಲೆ ನಾವು ಎಮ್ಮೆಯನ್ನು ಟೆಂಪೋಕ್ಕೆ ಹತ್ತಿಸಿದೆವು. ಆ ಹೆಣ್ಣುಮಗಳು ಕರುವಿನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ. ಅಪ್ಪ ಅದನ್ನೇ ನೋಡುತ್ತಿದ್ದು, ‘ಅಕ್ಕಾರ, ಇದು ಹಾಲ ಬಿಟ್ಟಕೂಡ್ಲೆ ತಂದ ಬಿಡ್ತೇನಿ. ನಿಮ್ಮ ಮನ್ಯಾಗ ಹುಟ್ಟೇತಿ, ನಿಮ್ದ ಅದು’ ಎಂದ. ಅವಳು ಸೆರಗನ್ನು ಬಾಯಿಗೊತ್ತಿ ನಿಂತಳು. ಅಪ್ಪ ಆಗಲೇ ಡ್ರೈವರನ ಪಕ್ಕ ಹತ್ತಿ ಕೂತಿದ್ದ.

ಮನೆಯ ಮುಂದೆ ಅವ್ವ ಆರತಿ ಹಿಡಿದು, ‘ಬಂದ್ಯಾ ನಮ್ಮವ್ವಾ, ಕಾಲ ನೆಲಕ್ಕ ಹತ್ತವಲ್ವು ನೋಡ ನನಗ!’ ಎಂದು ಎಮ್ಮೆಯ ಕುತ್ತಿಗೆಗೆ ಬಿದ್ದಳು. ಕರುವನ್ನು ತಿರುಗಿ ಕೊಡುವುದಾಗಿ ಅಪ್ಪ ಮಾತು ಕೊಟ್ಟದ್ದನ್ನು ಹೇಳಿದೆ. ಅವಳ ಮುಖ ಬದಲಾಯಿತು. ‘ಹೆಣ್ಣ ಕರಾ! ನನ್ನ ಒಂದ ಮಾತ ಕೇಳಬಾರದಾಗಿತ್ತೇನ್ರಿ?’ ಎಂದು ಅವನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟದ್ದು ಅವನ ಗಮನಕ್ಕೇ ಬರಲಿಲ್ಲ. ಅದಕ್ಕೆ ಅವ್ವನಿಗೆ ಇನ್ನಷ್ಟು ಉರಿ.

ಮರುವರ್ಷದ ಬೇಸಿಗೆಯಲ್ಲಿ ಕರುವನ್ನು ಬಿಟ್ಟುಬರಲು ಮೂವರೂ ಹೋದೆವು. ಬೇಡವೆಂದು ಜಗಳ ತೆಗೆದಿದ್ದ ಅವ್ವನೇ ಅದಕ್ಕೆ ಮೈತೊಳೆದು ಕೊರಳಿಗೆ ಗಂಟೆ ಕಟ್ಟಿದ್ದಳು. ಆ ಹೆಣ್ಣುಮಗಳು ರಸ್ತೆಯತನಕ ಓಡಿಬಂದು, ನಗುತ್ತ ಅಳುತ್ತ, ಕರುವನ್ನು ಬಿಟ್ಟು ಮೊದಲು ಅವ್ವನನ್ನೇ ತಬ್ಬಿಕೊಂಡಳು. ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು, ಒಬ್ಬರದೂ ತಿಳಿಯಲಿಲ್ಲ. ಅಪ್ಪ ಚಹಾದ ಕಪ್ಪು ಹಿಡಿದು ಕೊಟ್ಟಿಗೆಯೊಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ತಿರುಗಿ ಬರುವಾಗ ನಾನು ಹಠಕ್ಕೆ ಬಿದ್ದು ಅವನನ್ನು ಏನೂ ಕೇಳಲಿಲ್ಲ. ಲೋಕಾಪುರ ದಾಟಿದ ಮೇಲೆ ಅವನೇ ಬಾಯಿಬಿಟ್ಟ.

‘ಆ ಕೊಟ್ಟಿಗಿ ತಗಡ ತೂತ ಬಿದ್ದಾವು. ಮಳಿ ಹತ್ತೂದ್ರಾಗ ಬಂದ ಹೊಸಾವ ಹಾಕಿ ಕೊಡಬೇಕು.’

ಅವ್ವ ಹಣೆ ಬಡಿದುಕೊಂಡಳು.