ಇಳಿತದ ಹೊತ್ತಿಗೆ ಬರೆದ ಪುಟಗಳು

ಇದನ್ನು ಹೇಳುವುದನ್ನು ಎಷ್ಟೋ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ದಿನಕ್ಕೊಂದು ಪುಟದಂತೆ ಬರೆದ ನೋಟ್‌ಬುಕ್ಕುಗಳು ಟ್ರಂಕಿನ ತುಂಬ ಇವೆ. ಹಂಚಿನ ಭಟ್ಟಿಯ ಬಗ್ಗೆ ಬರೆದಿದ್ದೇನೆ, ಧಾರೇಶ್ವರದ ಕಡಲಿನ ಬಗ್ಗೆ, ಅಂಗಳಕ್ಕೆ ಬಂದು ನಿಲ್ಲುತ್ತಿದ್ದ ಒಂಟಿ ಕೊಕ್ಕರೆಯ ಬಗ್ಗೆ ಕೂಡ. ಆ ಒಂದು ದಿನದ ಬಗ್ಗೆ ಮಾತ್ರ ಬರೆದಿಲ್ಲ.

ನಾನು ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಬಾಗಿಲು ಹಾಕಿದಾಗ ನಮ್ಮ ಕರಾವಳಿಯಲ್ಲಿ ರೈಲು ಓಡಲು ಶುರುವಾಗಿ ಒಂದೆರಡು ವರ್ಷವಾಗಿತ್ತು. ನನಗೆ ಐವತ್ತು ದಾಟಿತ್ತು. ಕುಮಟಾದ ಹತ್ತಿರ, ಅಘನಾಶಿನಿ ಹೊಳೆಯ ದಂಡೆಯ ಮನೆಯಲ್ಲಿ ಇದ್ದವರು ಇಬ್ಬರೇ. ಮದುವೆಯಾಗದ ನಾನು, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ ನನ್ನ ಅಕ್ಕ.

ಹೈಸ್ಕೂಲಿನಲ್ಲಿ ಮಾಸ್ತರರು ನನ್ನ ಪ್ರಬಂಧವನ್ನು ಒಮ್ಮೆ ಇಡೀ ತರಗತಿಗೆ ಓದಿ ಹೇಳಿದ್ದರು. ಬರೆಯುವ ಆಸೆ ಅಲ್ಲಿಂದ ಉಳಿದದ್ದು. ಕೆಲಸ ಹೋದ ಮೇಲೆ ಪೇಟೆಯಿಂದ ಇನ್ನೂರು ಪುಟದ ನೋಟ್‌ಬುಕ್ ತಂದು, ದಿನಾ ಬೆಳಿಗ್ಗೆ ಏಳಕ್ಕೆ ಕೂರುವುದೆಂದು ನಿಶ್ಚಯಿಸಿದೆ. ಹತ್ತು ದಿನ ಕೂತೆ. ಹತ್ತು ದಿನವೂ ತಾರೀಖು ಬರೆದು, ಅದರ ಅಡಿಗೆ ಗೆರೆ ಎಳೆದು ಎದ್ದೆ.

"ಎಂತದಾ ತಮಾ, ತಾರೀಖು ಬರಿಯೂಕೆ ಇಷ್ಟು ದೊಡ್ಡ ಪುಸ್ತಕ ಎಂತಕೆ? ಗೋಡೆ ಮೇಲೆ ಕ್ಯಾಲೆಂಡರ್ ಇಲ್ವಾ?" ಎಂದು ಅಕ್ಕ ನಕ್ಕಳು.

"ಎಂತ ಬರೀಬೇಕು ಅಂತ್ಲೇ ಗೊತ್ತಾಗೂದಿಲ್ಲ ಅಕ್ಕಾ."

"ಬಳಚು ಎಲ್ಲಿದೆ ಅಂತ ಗೊತ್ತಿದ್ದು ನಾವು ಹೊಳೆಗೆ ಇಳೀತೇವಾ? ಇಳಿದು, ಕೈ ಹಾಕಿ ನೋಡೂದು. ನಾಳಿಂದ ನಾನು ಇಳಿದಾಗ ನೀನು ಬರೆ, ನಾನು ಹತ್ತಿದಾಗ ನಿಲ್ಸು. ಆತಾ?"

"ಆತು" ಎಂದೆ.

ಬಳಚು ಎಂದರೆ ಹೊಳೆಯ ಮರಳಿನಲ್ಲಿ ಹುದುಗಿರುವ ಚಿಪ್ಪು. ಸಮುದ್ರ ಇಳಿದಾಗ ಹೊಳೆಯ ನಡುವೆ ಮರಳುದಿಬ್ಬ ತಲೆ ಎತ್ತುತ್ತದೆ. ಕೇರಿಯ ಹೆಂಗಸರು ಅಲ್ಲಿಗೆ ದಾಟಿ, ಸೊಂಟಮಟ್ಟದ ನೀರಿನಲ್ಲಿ ಬಗ್ಗಿ, ಕೈಯಿಂದ ತಡವಿ ಹೆಕ್ಕುತ್ತಾರೆ. ಬಗ್ಗಿದವರಿಗೆ ಉಬ್ಬರ ಬರುವುದು ತಿಳಿಯುವುದಿಲ್ಲ. ದಿಬ್ಬದ ಹತ್ತಿರ ನೀರು ಏರುವ ಮೊದಲೇ ದಂಡೆಯ ಕಡೆಯ ಕಾಲುವೆ ಆಳವಾಗಿಬಿಡುತ್ತದೆ. ಅದಕ್ಕೇ ದಂಡೆಯ ಮೇಲೆ ಒಬ್ಬರು ಕೂರಬೇಕು. ನೀರಿನಲ್ಲಿ ನೆಟ್ಟ ಗೂಟದ ಕಪ್ಪು ಗುರುತು ಮುಳುಗಿದೊಡನೆ "ಕೂ" ಎಂದು ಗಟ್ಟಿಯಾಗಿ ಕೂಗಬೇಕು. ಆ ಕೆಲಸ ಮಾಡುತ್ತಿದ್ದ ಮುದುಕಿ ಹಾಸಿಗೆ ಹಿಡಿದಿದ್ದಳು. ಆಕೆಯ ಜಾಗದಲ್ಲಿ ನೋಟ್‌ಬುಕ್ ಹಿಡಿದು ನಾನು ಕೂತೆ.

ಇಳಿತ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಸರಿಯುತ್ತದೆ. ನನ್ನ ಬರವಣಿಗೆಯೂ ಹಾಗೇ ಸರಿಯಿತು. ಒಂದು ದಿನ ಎಳೆಬಿಸಿಲು, ನಾಲ್ಕು ದಿನ ಕಳೆದರೆ ಮಧ್ಯಾಹ್ನದ ಝಳ, ಮತ್ತೆ ಕೆಲವು ದಿನಕ್ಕೆ ಹೊಳೆಯೆಲ್ಲ ಜೇನಿನ ಬಣ್ಣ. ಮೊದಮೊದಲು ಕಂಡದ್ದನ್ನೇ ಬರೆದೆ: ದೋಣಿ, ಹಕ್ಕಿ, ಸೇತುವೆಯ ಮೇಲೆ ಆಟಿಕೆಯ ಹಾಗೆ ಹೋಗುವ ರೈಲು. ಐದು ಸಾಲು ಹತ್ತಾಯಿತು. ನಡುನಡುವೆ ತಲೆ ಎತ್ತಿ ಗೂಟ ನೋಡುವುದು, ಮತ್ತೆ ಬರೆಯುವುದು. ನೀರಿನ ಬೆಳಕು ಹಾಳೆಯ ಮೇಲೆ ಅಲುಗುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಅಂಥ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ದಿನ ಭಟ್ಟಿಯಿಂದ ಆಗಷ್ಟೇ ತೆಗೆದ ಹಂಚಿನ ವಾಸನೆಯ ಬಗ್ಗೆ ಬರೆಯುತ್ತಿದ್ದೆ. ಮೊದಲ ಬಾರಿಗೆ ಪದಗಳು ತಾವೇ ಬರತೊಡಗಿದವು. ನಾನು ಬರೆಯುತ್ತಿದ್ದೇನೆ ಎಂಬುದೂ ಮರೆತಿತ್ತು. ತಲೆ ಎತ್ತಿದಾಗ ಗುರುತಲ್ಲ, ಗೂಟವೇ ಕಾಣಲಿಲ್ಲ.

ಉಳಿದ ಹೆಂಗಸರು ಬುಟ್ಟಿ ತುಂಬಿತೆಂದು ಮೊದಲೇ ದಂಡೆಗೆ ದಾಟಿ, ಕೂಗು ಕೇಳಿಸದಷ್ಟು ದೂರದ ತಿರುವಿನಲ್ಲಿ ಬಳಚು ತೊಳೆಯುತ್ತಿದ್ದರು. ನನ್ನ ಕೂಗನ್ನು ನಂಬಿ ಇನ್ನೂ ಹೆಕ್ಕುತ್ತಿದ್ದವಳು ಅಕ್ಕ ಒಬ್ಬಳೇ. ಈಗ ಅವಳು ಕಾಲುವೆಯ ನಡುವೆ ಇದ್ದಳು. ಸೊಂಟಕ್ಕೆ ಕಟ್ಟಿದ ಬುಟ್ಟಿ ಅವಳನ್ನು ಎಳೆಯುತ್ತಿತ್ತು. ಕೂಗುವುದನ್ನೂ ಮರೆತು, ನೋಟ್‌ಬುಕ್ ಹಿಡಿದುಕೊಂಡೇ ನೀರಿನ ಅಂಚಿಗೆ ಓಡಿದೆ. ದೋಣಿಯಲ್ಲಿ ಹೋಗುತ್ತಿದ್ದವನೊಬ್ಬ ಅವಳ ತೋಳು ಹಿಡಿದು ಮೇಲೆಳೆದು ದಂಡೆಗೆ ತಂದ. ಬುಟ್ಟಿ ಹೋಯಿತು. ಕಲ್ಲು ತಾಗಿ ಮೊಣಕಾಲು ಸೀಳಿತ್ತು.

ಹೆಂಗಸರು ಓಡಿ ಬಂದರು. ಅವರಲ್ಲಿ ಹಿರಿಯಳು ನನ್ನ ಕೈಯ ನೋಟ್‌ಬುಕ್ ನೋಡಿ, "ನೀನು ಕೂಗ್ಲಿಲ್ವಾ ಮಾರಾಯಾ? ಇಲ್ಲಿ ಎಂತ ಮಾಡ್ತಿದ್ದೆ?" ಎಂದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ, ಕೆಮ್ಮುತ್ತಲೇ, "ಅವ ಕೂಗ್ದ. ನಂಗೇ ಕೇಳ್ಲಿಲ್ಲ. ಇತ್ಲಾಗೆ ಕಿವಿ ಮಂದ ಆಗಿದೆ" ಎಂದಳು.

ನಾನು ಬಾಯಿ ಮುಚ್ಚಿದೆ.

ಗಾಯ ಮಾಯಿತು. ಆದರೆ ಕಿವಿ ಕೇಳದವಳನ್ನು ನಡುಹೊಳೆಗೆ ಕರೆದೊಯ್ಯಲು ಯಾರೂ ಒಪ್ಪಲಿಲ್ಲ. "ನೀನು ದಂಡೆ ಮೇಲೇ ಇರೇ, ನಿನ್ನ ಕಾಯೂದು ಯಾರು?" ಎಂದರು. ಹೊಳೆಗೆ ಇಳಿದರೆ ಮೈಯೆಲ್ಲ ಹಗುರ ಎನ್ನುತ್ತಿದ್ದ ಅಕ್ಕ, ಮತ್ತೆಂದೂ ಇಳಿಯಲಿಲ್ಲ. ಬೇರೆಯವರು ತಂದ ಬಳಚನ್ನು ಅಂಗಳದಲ್ಲಿ ಕೂತು ಬಿಡಿಸಿದಳು. ನೆಂಟರು, ಅಕ್ಕಪಕ್ಕದವರು ಅವಳ ಕಿವಿಯ ಬಳಿ ಬಂದು ಕಿರುಚಿದರು. ಅವಳು ಬೇಕೆಂದೇ ಎರಡು ಸಲ "ಎಂತ?" ಎಂದು ಕೇಳಿ, ಆಮೇಲೆ ಉತ್ತರ ಕೊಡುತ್ತಿದ್ದಳು. ನಾವಿಬ್ಬರೇ ಇದ್ದಾಗ, ನನಗೆ ರೈಲಿನ ಸದ್ದು ಕೇಳುವ ಮೊದಲೇ, "ಗಾಡಿ ಸೇತುವೆಗೆ ಬಂತು ನೋಡು" ಎನ್ನುತ್ತಿದ್ದಳು.

ನಾನು ಹೊಳೆಯ ದಂಡೆಗೆ ಮತ್ತೆ ಹೋಗಲಿಲ್ಲ. ಬರೆಯುವುದನ್ನೂ ಬಿಟ್ಟೆ. ಬಿಟ್ಟ ಐದನೆಯ ದಿನವೋ ಆರನೆಯ ದಿನವೋ ಅಕ್ಕ ನೋಟ್‌ಬುಕ್ಕನ್ನು ಜಗಲಿಯ ಮೇಲೆ ತಂದಿಟ್ಟಳು. "ನೀರು ಇಳೀತು. ಕೂತ್ಕ" ಎಂದಳು, ಅಷ್ಟೇ. ಆಮೇಲೆ ವರ್ಷಗಟ್ಟಲೆ, ಹೊಳೆಯನ್ನು ನೋಡದೆಯೇ, ದಿನವೂ ಇಳಿತದ ಹೊತ್ತನ್ನು ತಪ್ಪದೆ ಹೇಳಿ ನನ್ನನ್ನು ಬರೆಯಲು ಕೂರಿಸಿದಳು. ಹೊಳೆ ಅವಳೊಳಗೇ ಏರಿ ಇಳಿಯುತ್ತಿತ್ತೇನೋ. ಹೀಗೆ ನನಗೆ ಅಭ್ಯಾಸ ಹತ್ತಿತು. ಅದಕ್ಕಾಗಿ ಅವಳು ಏನು ಬಿಟ್ಟುಕೊಟ್ಟಳೆಂದು ಒಂದು ಪುಟದಲ್ಲೂ ಬರೆಯಲಿಲ್ಲ. ಕೇರಿಯಲ್ಲಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅವಳ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತಾಗಲೂ ಮಳೆ ಬಿಸಿಲಿನ ಮಾತನ್ನೇ ಆಡಿದೆ.

ಈಗ ಹೊರಗೆ ನೀರು ಇಳಿಯುತ್ತಿದೆ. ಹೇಳುವವರಿಲ್ಲದಿದ್ದರೂ ಕೂತಿದ್ದೇನೆ. ಕೇರಿಯವರೆಲ್ಲ ಓದಲಿ ಎಂದೇ ಬರೆಯುತ್ತೇನೆ: ಆ ದಿನ ನಾನು ಕೂಗಲಿಲ್ಲ. ಅವಳ ಕಿವಿ ಕೊನೆಯವರೆಗೂ ಚೆನ್ನಾಗಿತ್ತು. ತಪ್ಪಾಯಿತು ಎಂಬ ಮಾತನ್ನು ಮಾತ್ರ ನನ್ನ ಅಕ್ಕನಿಗೆ ನಾನು ಒಮ್ಮೆಯೂ ಹೇಳಲಿಲ್ಲ.